ಗುಡ್ಡ ತೋರಿಸಿ ಹೋದವರು: ಪೆರ್ಲದ ಒಂದು ಕುರಿ ಪುಸ್ತಕದ ಪ್ರಕರಣ

ನಾನು ಸಹಕಾರಿ ಬ್ಯಾಂಕೊಂದರ ಗುಮಾಸ್ತ. ನನ್ನ ಮೇಜಿನ ಖಾನೆಯಲ್ಲಿ ಬ್ಯಾಂಕಿಗೆ ಸಂಬಂಧವೇ ಇಲ್ಲದ ಒಂದು ಪುಸ್ತಕ ಉಂಟು. ನೂರು ಪುಟದ ರೂಲ್ ಪುಸ್ತಕ, ರಟ್ಟಿಗೆ ಹಳೆ ಕ್ಯಾಲೆಂಡರಿನ ಹೊದಿಕೆ. ಎಡಪುಟದಲ್ಲಿ ಹಣದ ಲೆಕ್ಕ. ಬಲಪುಟದಲ್ಲಿ ಎರಡು ಕಲಮು, ಒಂದಕ್ಕೆ ‘ಆಸೆ’ ಎಂದೂ ಇನ್ನೊಂದಕ್ಕೆ ‘ಹೆದರಿಕೆ’ ಎಂದೂ ತಲೆಬರಹ. ಇನ್ನೂ ಬಾರದ ಒಂದು ಕಂಪ್ಯೂಟರ್ ಆಟಕ್ಕಾಗಿ ನಾಲ್ಕು ಜನ 2018ರಿಂದ ಹಾಕಿಕೊಂಡು ಬಂದ ಕುರಿಯ ದಾಖಲೆ ಅದು. (ಘಟ್ಟದ ಮೇಲಿನವರಿಗೆ ಒಂದು ಮಾತು: ಪೆರ್ಲ ಇರುವ ಕಾಸರಗೋಡಿನಲ್ಲಿ ಕುರಿ ಎಂದರೆ ಚೀಟಿ. ಇದು ಮೇಯುವುದಿಲ್ಲ, ಆದರೆ ತಿಂಗಳು ತಿಂಗಳು ಹಾಕದಿದ್ದರೆ ಸೊರಗುತ್ತದೆ.)

ಆಟದ ಹೆಸರು ‘ದಿ ಎಲ್ಡರ್ ಸ್ಕ್ರೋಲ್ಸ್ 6’. ಮಾಡುತ್ತಿರುವವರು ಅಮೆರಿಕದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್. ಇದರ ಹಿಂದಿನದ್ದು ‘ಸ್ಕೈರಿಮ್’. ಅದು 2011ರ ನವೆಂಬರ್ 11ಕ್ಕೆ ಬಂತು, ಆರು ಕೋಟಿಗೂ ಹೆಚ್ಚು ಪ್ರತಿ ಖರ್ಚಾಯಿತು. ಮುಂದಿನದ್ದನ್ನು ಮಾಡುತ್ತೇವೆ ಎಂದು 2018ರ ಜೂನ್‌ನಲ್ಲಿ ಹೇಳಿದರು. ಹೇಳಿ ಹೋದರು.

ಆಟದ ಅಭಿಮಾನಿಗಳೆಂದರೆ ಕೆಲಸವಿಲ್ಲದೆ ಗೊಣಗುವವರು ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ನಾನೇ ಆಡಿದ್ದೂ ಉಂಟು. ಈ ಪುಸ್ತಕ ಕೈಯಲ್ಲಿ ಇಟ್ಟುಕೊಂಡು ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ಆಸೆಯ ಕಲಮಿಗೆ ಲಂಗುಲಗಾಮಿಲ್ಲ, ಅದು ಸರಿ. ಆದರೆ ಹೆದರಿಕೆಯ ಕಲಮಿನ ಒಂದೊಂದು ಸಾಲಿಗೂ ಒಂದೊಂದು ತಾರೀಕು ಉಂಟು, ಖರ್ಚಿಗೆ ವೋಚರ್ ಇದ್ದ ಹಾಗೆ. ಪ್ರಕರಣ ಬರೆದಿಡುವುದಕ್ಕೆ ಅದೇ ಕಾರಣ.

ನಾಲ್ವರು

ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಒಬ್ಬ ವಯರಿಂಗ್ ಕೆಲಸದವ. ಒಬ್ಬ ಅಡಕೆ ತೋಟದವ, ಅಪ್ಪ ಯಕ್ಷಗಾನಕ್ಕೆ ಚೆಂಡೆ ಬಾರಿಸುವವರು. ಒಬ್ಬಳು ಟೀಚರ್, ಆಗ ಬಿಎಡ್ ಮುಗಿಸಿ ಸರ್ಕಾರಿ ಕೆಲಸಕ್ಕೆ ಕೇರಳದ ಪಿಎಸ್‌ಸಿ ಪರೀಕ್ಷೆ ಬರೆಯುತ್ತಿದ್ದವಳು. ನಾಲ್ಕನೆಯವ ಶಾರ್ಜಾದಲ್ಲಿ ಸೂಪರ್ ಮಾರ್ಕೆಟಿನ ಲೆಕ್ಕ ನೋಡುವವ. ನಾಲ್ವರೂ ಒಂದೇ ಕನ್ನಡ ಮಾಧ್ಯಮ ಶಾಲೆಯ ಒಂದೇ ಬೆಂಚಿನವರು. ಮನೆಯಲ್ಲಿ ಒಬ್ಬನದ್ದು ತುಳು, ಒಬ್ಬನದ್ದು ಹವ್ಯಕ, ಒಬ್ಬಳದ್ದು ಮರಾಟಿ, ಒಬ್ಬನದ್ದು ಬ್ಯಾರಿ. ಜಗಳಕ್ಕೆ ಮಾತ್ರ ಕನ್ನಡ.

ಸ್ಕೈರಿಮ್ ಇವರಿಗೆ ಸಿಕ್ಕಿದ್ದು ವಯರಿಂಗಿನವನ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ. ಮೊದಲು ಆಡಿದ್ದು ಕಳ್ಳ ಪ್ರತಿ, ಮುಚ್ಚಿಡುವುದೇಕೆ. 2015ರ ಕೊನೆಗೆ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ರೂಪಾಯಿ ಬೆಲೆ ಬಂದ ಮೇಲೆ ರಿಯಾಯಿತಿ ನೋಡಿ ಕೊಂಡರು. ಯಂತ್ರ ಇದ್ದದ್ದು ತೋಟದವನ ಮನೆಯ ಚಾವಡಿಯಲ್ಲಿ, ಏಕೆಂದರೆ ಇನ್ವರ್ಟರ್ ಇದ್ದದ್ದು ಅಲ್ಲಿ ಮಾತ್ರ. ಒಬ್ಬ ಆಡುವುದು, ಮೂವರು ನೋಡುವುದು, ಅಜ್ಜಿ ಅಡಕೆ ಸುಲಿಯುತ್ತಾ ಆಗಾಗ ತಲೆ ಎತ್ತುವುದು.

ಆಟ ಗೊತ್ತಿಲ್ಲದವರಿಗೆ ಹೇಗೆ ಹೇಳುವುದು? ಕೈಕಟ್ಟಿ ಗಾಡಿಯಲ್ಲಿ ಕೂರಿಸಿ ತಲೆ ಕಡಿಯಲು ಒಯ್ಯುತ್ತಾರೆ. ಅಷ್ಟರಲ್ಲಿ ಡ್ರ್ಯಾಗನ್ ಬಂದು ಊರನ್ನೇ ಸುಡುತ್ತದೆ. ತಪ್ಪಿಸಿಕೊಂಡು ಹೊರಬಂದರೆ ಎದುರಿಗೆ ಒಂದು ದೇಶ. ಆಮೇಲೆ ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಕಥೆ ಹಿಡಿದು ಹೋಗಬಹುದು, ಕಥೆ ಬಿಟ್ಟು ಚಿಟ್ಟೆ ಹಿಡಿಯಬಹುದು. ಅಂಗಡಿಯವನ ತಲೆಗೆ ಬಕೆಟ್ ಕವುಚಿ ಅವನ ಕಣ್ಣೆದುರೇ ಸಾಮಾನು ಕದಿಯಬಹುದು. ಅದು ಮಾಡಿದವರ ಲೆಕ್ಕ ತಪ್ಪಿದ್ದು, ಆಡುವವರಿಗೆ ಹಬ್ಬವಾದದ್ದು. ಟೀಚರ್ ಪ್ರತಿ ಸಲವೂ ಈ ಬಾರಿ ಮಂತ್ರವಾದಿ ಎಂದು ಶುರು ಮಾಡಿ, ಹತ್ತು ಗಂಟೆಯೊಳಗೆ ಕತ್ತಲಲ್ಲಿ ಕೂತು ಬಿಲ್ಲು ಬಿಡುವವಳಾಗುತ್ತಿದ್ದಳು. ಲೋಕದಲ್ಲೆಲ್ಲ ಸ್ಕೈರಿಮ್ ಆಡಿದವರ ಕಥೆ ಅದೇ ಎಂದು ನನಗೆ ಆಮೇಲೆ ತಿಳಿಯಿತು.

2018ರ ಜೂನ್ 11, ಬೆಳಗ್ಗೆ

ಲಾಸ್ ಏಂಜಲೀಸಿನಲ್ಲಿ 10ರ ಸಂಜೆ, ನಮಗೆ 11ರ ಸೋಮವಾರ ಬೆಳಗ್ಗೆ. ಮಳೆ ಹಿಡಿದಿತ್ತು, ಕರೆಂಟ್ ಹೋಗಿತ್ತು. ಪೇಟೆಯಲ್ಲಿ ವಿಶ್ವಕಪ್ ಫುಟ್‌ಬಾಲಿಗೆ ಅರ್ಜೆಂಟೀನದವರೂ ಬ್ರೆಜಿಲ್‌ನವರೂ ಪೈಪೋಟಿಯಲ್ಲಿ ಕಟ್ಟಿದ ಫ್ಲೆಕ್ಸುಗಳು ನೆನೆಯುತ್ತಿದ್ದವು. ಮೂವರು ತೋಟದವನ ಮನೆಯ ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಒಂದು ಮೊಬೈಲ್ ಹಿಡಿದು ಕೂತಿದ್ದರು, ರೇಂಜ್ ಇದ್ದದ್ದು ಆ ಮೆಟ್ಟಿಲಲ್ಲಿ ಮಾತ್ರ. ಶಾರ್ಜಾದವ ಅಲ್ಲಿಂದಲೇ ನೋಡುತ್ತಿದ್ದ.

ಕಾರ್ಯಕ್ರಮ ಮುಗಿಯುತ್ತಾ ಬಂದಾಗ ನಿರ್ದೇಶಕ ಟಾಡ್ ಹೋವರ್ಡ್ ಮೊದಲು ‘ಸ್ಟಾರ್‌ಫೀಲ್ಡ್’ ಎಂಬ ಬಾಹ್ಯಾಕಾಶದ ಆಟದ ಸುಳಿವು ಕೊಟ್ಟರು. ಅದರ ನಂತರ ಇದೂ ಉಂಟು ಎಂದು ಇನ್ನೊಂದನ್ನು ತೋರಿಸಿದರು. ಮೋಡ, ಕಲ್ಲುಗುಡ್ಡ, ಅಂಚಿಗೊಂದು ಕಡಲು, ಹಳೆಯ ಪರಿಚಯದ ಸಂಗೀತ, ಕೊನೆಗೆ ಹೆಸರು. ಒಂದು ನಿಮಿಷವೂ ಇಲ್ಲ. ಅಜ್ಜಿಗೆ ತೋರಿಸಿದಾಗ, “ಎಂತದು, ಬರೀ ಗುಡ್ಡ ಅಲ್ವಾ, ಪೊಸಡಿಗುಂಪೆಗೆ ಹೋದ್ರೆ ಇದಕ್ಕಿಂತ ಚಂದ ಕಾಣ್ತದೆ” ಎಂದರು. ಅಲ್ಲಿಂದ ಮುಂದೆ ಅವರ ಬಾಯಲ್ಲಿ ಅದು ಗುಡ್ಡದ ಆಟ.

ಕುರಿಯ ಯೋಚನೆ ವಯರಿಂಗಿನವನದ್ದು. ಹೊಸ ಆಟ ಹಳೆ ಯಂತ್ರದಲ್ಲಿ ಓಡುವುದಿಲ್ಲ, ಆದ್ದರಿಂದ ತಲೆಗೆ ತಿಂಗಳಿಗೆ 250 ರೂಪಾಯಿ. ಆಟ ಬರುವ ತಿಂಗಳು ಒಟ್ಟು ಹಣದಲ್ಲಿ ಒಂದು ಒಳ್ಳೆಯ ಯಂತ್ರ, ಅದು ಚಾವಡಿಯಲ್ಲಿ, ಎಲ್ಲರಿಗೂ ಸಮಪಾಲು. ಎರಡು ವರ್ಷದಲ್ಲಿ ಬರ್ತದೆ, ಹೆಚ್ಚೆಂದರೆ ಮೂರು ಎಂದು ಅವನ ಅಂದಾಜು. ಬ್ಯಾಂಕಿನವನೆಂದು ಲೆಕ್ಕಕ್ಕೆ ನನ್ನನ್ನು ಹಿಡಿದರು. ನಿಯಮ ಬರೆದವಳು ಟೀಚರ್. ವರ್ಷಕ್ಕೊಮ್ಮೆ ಜೂನ್ 11ಕ್ಕೆ ಸೇರಿ ಒಬ್ಬೊಬ್ಬರು ಒಂದು ಆಸೆ, ಒಂದು ಹೆದರಿಕೆ ಬರೆಸಬೇಕು ಎಂಬುದೂ ಅವಳದ್ದೇ ಸೇರ್ಪಡೆ. ಆಟ ಬಂದ ದಿನ ತೆರೆದು ಓದಿ ನಗಲಿಕ್ಕೆ ಅಂತೆ. ನಿಯಮದಲ್ಲಿ ಒಂದು ದೊಡ್ಡ ತೂತು ಇತ್ತು, ಆಗ ನನಗೂ ಕಾಣಲಿಲ್ಲ: ಆಟ ಬಾರದೆ ಹೋದರೆ ಏನು ಮಾಡುವುದೆಂದು ಎಲ್ಲೂ ಬರೆದಿರಲಿಲ್ಲ.

ಮೊದಲ ವರ್ಷದ ಬಲಪುಟ

2018ರ ಪುಟದಲ್ಲಿ ಹೆದರಿಕೆಯ ಕಲಮು ಬಹುತೇಕ ಖಾಲಿ. ಆಸೆಯ ಕಲಮು ತುಂಬಿ ಅಂಚಿಗೆ ಹೋಗಿದೆ. ಕಥೆ ನಡೆಯುವ ಪ್ರಾಂತ ಯಾವುದು ಎಂಬುದೇ ದೊಡ್ಡ ವಾದ. ಆ ಕಲ್ಲುಗುಡ್ಡ, ಆ ಕಡಲು ನೋಡಿ ಹ್ಯಾಮರ್‌ಫೆಲ್ ಎಂದು ತೋಟದವ, ಹೈ ರಾಕ್ ಎಂದು ಶಾರ್ಜಾದವ. ಎರಡೂ ಇದೇ ಸರಣಿಯ 1996ರ ‘ಡ್ಯಾಗರ್‌ಫಾಲ್’ ಆಟದಲ್ಲಿ ಇದ್ದ ಜಾಗಗಳು. 2020ರ ಕೊನೆಯ ದಿನ ಕಂಪನಿಯವರು ಹೊಸವರ್ಷದ ಶುಭಾಶಯಕ್ಕೆ ಒಂದು ನಕ್ಷೆಯ ಚಿತ್ರ ಹಾಕಿದರು, ಮೇಲೆ ಮೂರು ಮೇಣದಬತ್ತಿ. ಅದರಲ್ಲಿ ಒಂದು ಬತ್ತಿ ಹ್ಯಾಮರ್‌ಫೆಲ್ ಮೇಲೆಯೇ ಇದೆ ಎಂದು ತೋಟದವ ಎರಡು ದಿನ ಅಡಕೆ ಹೆಕ್ಕಲಿಲ್ಲ. ಜಾತಕ ನೋಡುವವರೂ ಇಷ್ಟು ಸೂಕ್ಷ್ಮವಾಗಿ ನೋಡುವುದಿಲ್ಲ.

ಹೆಸರಿನ ವಿಷಯದಲ್ಲೂ ಹೀಗೆಯೇ ಆಗಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಮಾತೃಸಂಸ್ಥೆಯಾದ ಝೆನಿಮ್ಯಾಕ್ಸ್ ‘ರೆಡ್‌ಫಾಲ್’ ಎಂಬ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿತು. ಹ್ಯಾಮರ್‌ಫೆಲ್‌ನ ಜನ ರೆಡ್‌ಗಾರ್ಡರು, ಅಲ್ಲಿಗೆ ಇದೇ ಆರನೆಯ ಆಟದ ಹೆಸರು ಎಂದು ಅಭಿಮಾನಿಗಳು ತೀರ್ಮಾನಿಸಿದರು. ನಮ್ಮ ಪುಸ್ತಕದಲ್ಲೂ ಕೆಂಪು ಶಾಯಿಯಲ್ಲಿ ಬರೆದಾಯಿತು. 2021ರಲ್ಲಿ ನೋಡಿದರೆ ರೆಡ್‌ಫಾಲ್ ಎಂಬುದು ಬೇರೆಯೇ ಸ್ಟುಡಿಯೋ ಮಾಡುತ್ತಿದ್ದ, ರಕ್ತ ಹೀರುವ ಪಿಶಾಚಿಗಳನ್ನು ಬೇಟೆಯಾಡುವ ಆಟ! ಕೆಂಪು ಶಾಯಿಯ ಮೇಲೆ ಟೀಚರ್ ಅಡ್ಡಗೆರೆ ಎಳೆದು ಮಾರ್ಕು ಹಾಕಿದಳು, ಸೊನ್ನೆ.

ಆ ವರ್ಷದ ಆಸೆಗಳಲ್ಲಿ ನನಗೆ ಇಷ್ಟವಾದದ್ದು ವಯರಿಂಗಿನವನದ್ದು: “ಕನ್ನಡದಲ್ಲಿ ಓದ್ಲಿಕ್ಕೆ ಆಗ್ಬೇಕು.” ಸ್ಕೈರಿಮ್ ಇಂಗ್ಲಿಷ್, ಫ್ರೆಂಚ್, ಜರ್ಮನ್, ಪೋಲಿಷ್, ರಷ್ಯನ್, ಜಪಾನಿ ಹೀಗೆ ಹಲವು ಭಾಷೆಗಳಲ್ಲಿ ಇತ್ತು, ಭಾರತದ ಭಾಷೆ ಒಂದೂ ಇರಲಿಲ್ಲ. ಆಟದೊಳಗಿನ ಮಾತುಗಳ ಕಡತ ತೆರೆದು ಇವನೇ ಒಂದು ಸಲ ಹತ್ತಿಪ್ಪತ್ತು ಸಾಲು ಕನ್ನಡ ಮಾಡಿ ಹಾಕಿದ್ದ. ತೆರೆಯ ಮೇಲೆ ಬಂದದ್ದು ಸಾಲು ಸಾಲು ಖಾಲಿ ಚೌಕಗಳು. ಅಕ್ಷರವೇ ಇಲ್ಲದ ಮೇಲೆ ಒತ್ತಕ್ಷರದ ಮಾತೆಲ್ಲಿ? “ನಮ್ಮ ಊರಿನ ಬಸ್ ಬೋರ್ಡ್ ಹಾಗೆ ಆಯ್ತು” ಎಂದ ಅವನು. ಕಾಸರಗೋಡಿನ ಕನ್ನಡಿಗರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ; ಹೊರಗಿನವರಿಗೆ: ಇಲ್ಲಿಯ ಬೋರ್ಡಿನಲ್ಲಿ ಕನ್ನಡ ಕಾಣುವುದು ಅಪರೂಪ.

ಹೆದರಿಕೆಗಳು ಬಂದ ಬಗೆ

ಮೊದಲನೆಯದು 2018ರ ನವೆಂಬರ್‌ನಲ್ಲೇ ಬಂತು. ಅದೇ ಕಂಪನಿಯ ‘ಫಾಲ್‌ಔಟ್ 76’. ಮಾತಾಡಲು ಮನುಷ್ಯ ಪಾತ್ರಗಳೇ ಇಲ್ಲದ, ತುಂಬ ದೋಷಗಳಿದ್ದ ಆಟ. 200 ಡಾಲರಿನ ವಿಶೇಷ ಪೆಟ್ಟಿಗೆಯಲ್ಲಿ ಕ್ಯಾನ್ವಾಸ್ ಚೀಲ ಎಂದು ಹೇಳಿ ತೆಳು ನೈಲಾನ್ ಚೀಲ ಕಳಿಸಿದರು. ಮನುಷ್ಯರನ್ನು 2020ರಲ್ಲಿ ಸೇರಿಸಿದರು, ಆಟ ಸುಧಾರಿಸಿತು, ಆದರೆ ಆ ಚೀಲವನ್ನು ಯಾರೂ ಮರೆಯಲಿಲ್ಲ. ಆಟಕ್ಕಿಂತ ಚೀಲದ ಸುದ್ದಿ ಓದಿ ತೋಟದವನ ಅಪ್ಪ ಹೆಚ್ಚು ಸಿಟ್ಟಾದರು. ಗೋಣಿ ಎಂದು ಹೇಳಿ ಪ್ಲಾಸ್ಟಿಕ್ ಕೊಡುವ ವ್ಯಾಪಾರ ಅವರಿಗೆ ಚೆನ್ನಾಗಿ ಗೊತ್ತು. 2019ರ ಪುಟದಲ್ಲಿ ಹೆದರಿಕೆಯ ಮೊದಲ ಸಾಲು: “ಚೀಲ.” ಬೇರೇನೂ ಬರೆದಿಲ್ಲ.

ಅದೇ ಪುಟದಲ್ಲಿ ಟೀಚರ್ ಬರೆಸಿದ್ದು “ಕಾಲಮಿತಿ”. ಇದಕ್ಕೆ ಸ್ವಲ್ಪ ವಿವರಣೆ ಬೇಕು. ಇದೇ ಸರಣಿಯ 2002ರ ‘ಮಾರೋವಿಂಡ್’ ಆಟದಲ್ಲಿ ಗಾಳಿಯಲ್ಲಿ ತೇಲುವ ಮಂತ್ರ ಇತ್ತು, ಈಟಿ ಹಿಡಿದು ಹೋರಾಡಬಹುದಿತ್ತು. 2006ರ ‘ಒಬ್ಲಿವಿಯನ್’ನಲ್ಲಿ ಎರಡೂ ಹೋದವು. ಒಬ್ಲಿವಿಯನ್‌ನಲ್ಲಿ ನಮ್ಮದೇ ಮಂತ್ರ ಕಟ್ಟಿಕೊಳ್ಳುವ ಸೌಕರ್ಯ ಇತ್ತು. ಸ್ಕೈರಿಮ್‌ನಲ್ಲಿ ಅದೂ ಹೋಯಿತು, ಬಲ, ಬುದ್ಧಿ ಮೊದಲಾದ ಗುಣಗಳ ಲೆಕ್ಕವೂ ಹೋಯಿತು. ಯಕ್ಷಗಾನದಲ್ಲಿ ಬೆಳತನಕದ ಆಟ ಹೋಗಿ ಕೆಲವೇ ಗಂಟೆಗೆ ಮುಗಿಯುವ ಕಾಲಮಿತಿಯ ಆಟ ಬಂದ ಹಾಗೆ ಎಂದು ಚೆಂಡೆಯವರ ಮನೆಯಲ್ಲಿ ಕೂತು ಅವಳು ಹೇಳಿದ್ದು ಸಹಜ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಆ ಚರ್ಚೆ ಎಂದೂ ಮುಗಿಯುವುದಿಲ್ಲ. ಚೆಂಡೆಯವರು ಮಾತ್ರ ಅವಳ ಪಕ್ಷ ವಹಿಸಲಿಲ್ಲ. ಕಾಲಮಿತಿ ಬಂದ ಮೇಲೆ ಸಭೆ ತುಂಬಿತು, ಕೆಲವು ಒಳ್ಳೆಯ ಪದ ಬಿಟ್ಟುಹೋಯಿತು, ಎರಡೂ ನಿಜ ಎಂದರು. ಸ್ಕೈರಿಮ್ ಮಾರಾಟದ ಲೆಕ್ಕ ನೋಡಿದರೆ ಅವರ ಮಾತೇ ಸರಿ.

ಮಂತ್ರ ಕಟ್ಟುವುದು ಮರಳಿ ಬರಬೇಕು ಎಂಬ ಆಸೆ ಅಂದಿನಿಂದ ಪ್ರತಿ ವರ್ಷ ಪುಸ್ತಕದಲ್ಲಿ ಇದೆ. ನನಗೆ ಈಗೀಗ ಅದು ಸಾಲದ ಬಡ್ಡಿಯ ಸಾಲಿನಂತೆ ಕಾಣುತ್ತದೆ, ನೋಡದೆಯೇ ಬರೆದುಬಿಡುತ್ತೇನೆ.

2020. ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ಮಂಗಳೂರಿಗೆ ಹೋಗುವ ತಲಪಾಡಿ ಗಡಿ ಮುಚ್ಚಿತು. ನಮ್ಮ ಕಡೆಯ ಒಳರಸ್ತೆಗಳ ಮೇಲೂ ಮಣ್ಣು ಬಿತ್ತು. ಆಸ್ಪತ್ರೆಗೆ ಹೋಗಲಾಗದೆ ಜನ ಪಟ್ಟ ಪಾಡಿನ ಮುಂದೆ ಇದು ಹೇಳುವ ಸಂಗತಿಯೇ ಅಲ್ಲ, ಆದರೂ ಪುಸ್ತಕದಲ್ಲಿ ಇದೆ: ಹಳೆಯ ಯಂತ್ರವನ್ನು ರಿಪೇರಿಗೆಂದು ಮಂಗಳೂರಿಗೆ ಕೊಟ್ಟಿದ್ದರು. ಲೋಕವೆಲ್ಲ ಮನೆಯಲ್ಲಿ ಕೂತು ಆಟ ಆಡಿದ ಕಾಲವನ್ನು ಇವರು ಗಡಿಯ ಆಚೆ ಇದ್ದ ಯಂತ್ರವನ್ನು ನೆನೆಯುತ್ತಾ ಕಳೆದರು. ವಯರಿಂಗ್ ಕೆಲಸ ನಿಂತು ನಾಲ್ಕು ಕಂತು ತಪ್ಪಿತು. ಆಮೇಲೆ ಸರಿ ಮಾಡಿದ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಝೆನಿಮ್ಯಾಕ್ಸನ್ನು 750 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಅದಾಗಿ ಕೆಲವೇ ತಿಂಗಳಲ್ಲಿ ಶಾರ್ಜಾದವ, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್‌ಗೆ ಎದುರಾಳಿಯಾದ ಸೋನಿಯ ಪ್ಲೇಸ್ಟೇಷನ್ 5 ಎಂಬ ಆಟದ ಯಂತ್ರ ಕೊಂಡ. ಇದನ್ನು ನಾನು ದುರದೃಷ್ಟ ಎನ್ನುವುದಿಲ್ಲ, ಸುದ್ದಿ ಓದಿಯೂ ಕೊಂಡದ್ದು. 2021ರ ಮಾರ್ಚ್‌ಗೆ ಖರೀದಿ ಪೂರ್ತಿಯಾದಾಗ ಅವನ ಫೋನ್ ಬಂತು: ಆಟ ತನ್ನ ಯಂತ್ರಕ್ಕೆ ಬರುವುದೇ ಇಲ್ಲವಾದರೆ ತಾನು ಕುರಿ ಹಾಕುವುದು ಯಾಕೆ, ತನ್ನ ಪಾಲು ಕೊಡಿ. ನಿಯಮದಲ್ಲಿ ಬಿಡುವವರಿಗೆ ದಾರಿ ಇರಲಿಲ್ಲ. ಟೀಚರ್ ಕೊಡಬಹುದೆಂದಳು, ವಯರಿಂಗಿನವ ಕೂಡದೆಂದ, ಒಂದು ತಿಂಗಳು ಮಾತಿಲ್ಲ. ಕೊನೆಗೆ ಅವನೇ ಕಂತು ಕಳಿಸಿದ. ಕಾರಣ ಕೇಳಿದ್ದಕ್ಕೆ, “ಇಲ್ಲಿ ರೂಮಲ್ಲಿ ಒಬ್ನೇ ಕೂತು ಆಡ್ಲಿಕ್ಕೆ ಎಂತ ಮಜಾ ಉಂಟು” ಎಂದ. ಆ ವರ್ಷದ ಹೆದರಿಕೆಯ ಕಲಮಿನಲ್ಲಿ ಅವನ ಸಾಲು: “ಬೇಲಿ.”

ರಬ್ಬರ್ ತೋಟ

2023 ಎರಡು ಪೆಟ್ಟು ಕೊಟ್ಟಿತು. ಜೂನ್‌ನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ, ಮೈಕ್ರೋಸಾಫ್ಟಿನ ಇನ್ನೊಂದು ಖರೀದಿಯ ಮೊಕದ್ದಮೆಯಲ್ಲಿ, ಅದರ ಎಕ್ಸ್‌ಬಾಕ್ಸ್ ವಿಭಾಗದ ಮುಖ್ಯಸ್ಥ ಫಿಲ್ ಸ್ಪೆನ್ಸರ್ ಆರನೆಯ ಆಟಕ್ಕೆ ಇನ್ನೂ ಐದು ವರ್ಷಕ್ಕಿಂತ ಹೆಚ್ಚು ಬೇಕು ಎಂಬರ್ಥದ ಸಾಕ್ಷ್ಯ ನುಡಿದರು. ಐದು ವರ್ಷ ಕಾದವರಿಗೆ ಇನ್ನೂ ಐದು ವರ್ಷ, ಅದೂ ಕಟಕಟೆಯಿಂದ ಬಂದ ಸುದ್ದಿ. ಟೀಚರ್ ಹೆಸರು ಆಗ ಪಿಎಸ್‌ಸಿಯ ರ‍್ಯಾಂಕ್ ಲಿಸ್ಟಿನಲ್ಲಿ ಇತ್ತು. “ರ‍್ಯಾಂಕ್ ಲಿಸ್ಟಿಗಾದ್ರೂ ಮೂರು ವರ್ಷ ಅಂತ ಅವಧಿ ಉಂಟು, ಮುಗಿದ್ರೆ ರದ್ದು. ಇದಕ್ಕೆ ಅದೂ ಇಲ್ಲ” ಎಂದಳು. ನನಗೆ ಕಂಡ ಮಟ್ಟಿಗೆ ಈ ಪ್ರಕರಣದ ಮೂಲ ತಪ್ಪು ಇಲ್ಲೇ ಇದೆ. ಕೆಲಸ ಶುರುವಾಗುವ ಎಷ್ಟೋ ವರ್ಷ ಮೊದಲು ಹೆಸರು ಹೇಳಿಬಿಟ್ಟರು. ಪೂರ್ವತಯಾರಿ ಮುಗಿದು ನಿಜವಾದ ನಿರ್ಮಾಣಕ್ಕೆ ಕೈಹಾಕಿದ್ದೇವೆ ಎಂಬ ಮಾತು ಕಂಪನಿಯಿಂದ ಬಂದದ್ದೇ 2023ರ ಆಗಸ್ಟ್‌ನಲ್ಲಿ. ಅಡಿಪಾಯ ತೋಡುವ ಮೊದಲು ಗೃಹಪ್ರವೇಶದ ಕಾಗದ ಹಂಚಿದ ಹಾಗೆ.

ಎರಡನೆಯ ಪೆಟ್ಟು ಸೆಪ್ಟೆಂಬರ್‌ನ ಸ್ಟಾರ್‌ಫೀಲ್ಡ್. ಅದನ್ನು ಓಡಿಸಲು 16 ಜಿಬಿ ಮೆಮೊರಿ, ಎಸ್‌ಎಸ್‌ಡಿ, 125 ಜಿಬಿ ಜಾಗ, 1070 ಟಿಐ ಮಟ್ಟದ ಗ್ರಾಫಿಕ್ಸ್ ಕಾರ್ಡ್ ಕನಿಷ್ಠ ಬೇಕಿತ್ತು. ಚಾವಡಿಯ ಹಳೆಯ ಯಂತ್ರ ಇದ್ದಾಗಲೂ ಅದರಲ್ಲಿ ಇವು ಒಂದೂ ಇರಲಿಲ್ಲ. ಇವರು ಬೇರೆಯವರು ಆಡಿದ್ದನ್ನು ನೋಡಿದರು, ರಜೆಯಲ್ಲಿ ಮಂಗಳೂರಿನ ಸ್ನೇಹಿತನ ಮನೆಯಲ್ಲಿ ಎರಡು ರಾತ್ರಿ ಆಡಿದರು. ಸಾವಿರಕ್ಕೂ ಹೆಚ್ಚು ಗ್ರಹಗಳು. ಹೆಚ್ಚಿನವನ್ನು ಕೈಯಿಂದ ಮಾಡಿದ್ದಲ್ಲ, ಲೆಕ್ಕ ಹಾಕಿ ಯಂತ್ರದಿಂದ ಹರಡಿದ್ದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಕಾಯುವ ತೆರೆ.

ತೋಟದವ ಹಿಂದಿರುಗಿ ಬಂದು ಒಂದೇ ಮಾತು ಬರೆಸಿದ: “ರಬ್ಬರ್ ತೋಟ.” ಊರಿನವರಿಗೆ ಇಷ್ಟು ಸಾಕು. ರಬ್ಬರ್ ತೋಟದಲ್ಲಿ ಎಷ್ಟು ನಡೆದರೂ ಅದೇ ಸಾಲು, ಅದೇ ಚಿಪ್ಪು, ಅದೇ ಓರೆ ಗಾಯ. ಎಕರೆ ಎಷ್ಟೆಂದು ಹೇಳಬಹುದು, ದಾರಿ ಹೇಳಲು ಗುರುತು ಇರುವುದಿಲ್ಲ. ನಮ್ಮ ಗುಡ್ಡ-ಬೈಲಿನಲ್ಲಿ ಹಾಗಲ್ಲ. ಒಂದು ತಿರುವಿಗೆ ನಾಗಬನ, ಮುಂದಿನ ತಿರುವಿಗೆ ಕಟ್ಟ, ಅದರಾಚೆ ಯಾರದೋ ಅಜ್ಜ ಮುರಕಲ್ಲಿನಲ್ಲಿ ತೋಡಿದ ಸುರಂಗ. ಸುರಂಗ ನೋಡದವರಿಗೆ: ಬಾವಿಯನ್ನು ಅಡ್ಡ ಮಲಗಿಸಿದ ಹಾಗೆ, ಗುಡ್ಡದ ಹೊಟ್ಟೆಗೆ ನೀರು ಸಿಗುವತನಕ ತೋಡಿದ ದಾರಿ. ಬಗ್ಗಿ ಹೋಗಬೇಕು, ಒಳಗೆ ಬಾವಲಿ, ಕಾಲಿಗೆ ತಣ್ಣನೆ ನೀರು. ಎಣ್ಮಕಜೆ, ಬಾಯಾರು ಕಡೆ ಇದು ಮನೆಮನೆಯ ಸಂಗತಿ. ಈ ನಾಲ್ವರು ಸ್ಕೈರಿಮ್‌ಗೆ ಬಿದ್ದದ್ದೇ ಅದಕ್ಕಾಗಿ ಎಂದು ನನ್ನ ಗುಮಾನಿ. ಅಲ್ಲಿಯ ಗುಹೆಗಳ ಒಳಹೊಕ್ಕರೆ ಇವರ ಬಾಲ್ಯದ ಸುರಂಗಗಳೇ, ಕೊನೆಯಲ್ಲಿ ನೀರಿನ ಬದಲು ಪೆಟ್ಟಿಗೆ. ಒಬ್ಲಿವಿಯನ್‌ನ ಗುಹೆಗಳ ವಿನ್ಯಾಸ ಒಬ್ಬನ ಪಾಲಿನ ಕೆಲಸವಾಗಿತ್ತಂತೆ. ಸ್ಕೈರಿಮ್‌ನ ನೂರೈವತ್ತಕ್ಕೆ ಎಂಟು ಜನರ ತಂಡ ಕೂತಿತ್ತು. ಕೈಯಿಂದ ತೋಡಿದ್ದಕ್ಕೂ ಯಂತ್ರದಿಂದ ಹರಡಿದ್ದಕ್ಕೂ ವ್ಯತ್ಯಾಸ ಹೆಜ್ಜೆ ಇಟ್ಟ ಕೂಡಲೇ ತಿಳಿಯುತ್ತದೆ.

ಇಲ್ಲಿ ಒಂದು ತಕರಾರು ನನ್ನದೂ ಉಂಟು. ಇದೇ ಅಭಿಮಾನಿಗಳ ಆಸೆಯ ಕಲಮಿನಲ್ಲಿ ಮೂರು ಕಡೆ “ನಕ್ಷೆ ದೊಡ್ಡದಾಗಬೇಕು” ಎಂದಿದೆ. ಸ್ಕೈರಿಮ್ ಇದ್ದದ್ದೇ ಉದ್ದ ಆರು, ಅಗಲ ಆರು ಕಿಲೋಮೀಟರಿನ ಆಸುಪಾಸು. ನಮ್ಮಲ್ಲಾದರೆ ನಾಲ್ಕೈದು ಬಸ್ ಸ್ಟಾಪು. ದೊಡ್ಡದು ಬೇಕೆಂದವರಿಗೆ 1996ರ ಡ್ಯಾಗರ್‌ಫಾಲ್‌ನಲ್ಲೇ ಕೊಟ್ಟಿದ್ದರು, ಯಂತ್ರ ಹರಡಿದ ಸಾವಿರಾರು ಊರು ಮತ್ತು ನೆಲಮಾಳಿಗೆ, ಮುಗಿಯದ ಬಯಲು. ದೊಡ್ಡದೂ ಬೇಕು, ರಬ್ಬರೂ ಆಗಬಾರದು ಎಂದರೆ ತೋಡುವವರು ಎಷ್ಟು ಜನ ಬೇಕು, ಎಷ್ಟು ವರ್ಷ ಬೇಕು? ತಡವಾಯಿತೆಂದು ಕೂಗುವುದೂ ಇವರೇ. ಹೀಗೆಂದು ಬಾಯಿಬಿಟ್ಟು ಹೇಳಿದೆ. ಲೆಕ್ಕ ಬರೆಯುವವನಿಗೆ ಮತವಿಲ್ಲ ಎಂದು ಟೀಚರ್ ನಿಯಮ ತೋರಿಸಿದಳು. ನಿಜವಾಗಿಯೂ ಇತ್ತು, ಐದನೆಯದು.

ಮುರಿಯುವುದೋ, ಬಿಡುವುದೋ

2024 ಹೆಚ್ಚು ಸದ್ದಿಲ್ಲದೆ ಹೋಯಿತು. ಸರಣಿಗೆ 30 ವರ್ಷ ತುಂಬಿದ ನೆಪದಲ್ಲಿ ಆ ಮಾರ್ಚ್‌ನಲ್ಲಿ ಕಂಪನಿಯವರು, ಆರನೆಯದರ ಆರಂಭದ ರೂಪವನ್ನು ತಾವು ಒಳಗೆ ಆಡಿ ನೋಡುತ್ತಿದ್ದೇವೆ ಎಂದರು. ಅಜ್ಜಿ ಕೇಳಿದರು, “ಅವರು ಆಡ್ತಿದ್ದಾರಲ್ಲ, ಮತ್ತೆ ನಮಗೆ ಕೊಡ್ಲಿಕ್ಕೆ ಎಂತ?”

2025ರ ಫೆಬ್ರವರಿಯಲ್ಲಿ ಒಂದು ಸುದ್ದಿ ಬಂತು. ಮಕ್ಕಳ ನೆರವಿನ ಮೇಕ್-ಎ-ವಿಶ್ ಸಂಸ್ಥೆಗಾಗಿ ನಡೆದ ಹರಾಜಿನಲ್ಲಿ, ಆರನೆಯ ಆಟದೊಳಗೆ ಒಂದು ಪಾತ್ರ ರೂಪಿಸುವ ಅವಕಾಶ 85 ಸಾವಿರ ಡಾಲರಿಗೂ ಮೀರಿ ಹೋಯಿತು. ಪುಸ್ತಕ ತೆರೆದು ನೋಡಿದೆ. ನಮ್ಮ ಬಾಕಿ 89 ಸಾವಿರ ಚಿಲ್ಲರೆ. ಅಂಕಿ ಹತ್ತಿರ ಹತ್ತಿರ ಒಂದೇ, ಅವರದ್ದು ಡಾಲರು, ನಮ್ಮದು ರೂಪಾಯಿ. ದುಡ್ಡು ಕೊಡದೆಯೇ ಆಟದೊಳಗೆ ಜಾಗ ಸಿಕ್ಕಿದ ಒಬ್ಬರ ವಿಷಯ ಟೀಚರ್ ಆಗಲೇ ಅಜ್ಜಿಗೆ ಹೇಳಿದ್ದು: ಶರ್ಲಿ ಕರಿ, 1936ರಲ್ಲಿ ಹುಟ್ಟಿದವರು, ಸ್ಕೈರಿಮ್ ಆಡಿ ವಿಡಿಯೋ ಮಾಡಿ ‘ಸ್ಕೈರಿಮ್ ಅಜ್ಜಿ’ ಎಂದು ಹೆಸರಾದವರು. ಅಭಿಮಾನಿಗಳು ಒತ್ತಾಯಿಸಿದ್ದಕ್ಕೆ ಅವರನ್ನು ಆರನೆಯದರಲ್ಲಿ ಪಾತ್ರ ಮಾಡುವುದಾಗಿ 2019ರಲ್ಲೇ ಕಂಪನಿ ಹೇಳಿತ್ತು. ಅಜ್ಜಿ ಲೆಕ್ಕ ಹಾಕಿದರು. ತನಗಿಂತ ಎರಡು ವರ್ಷಕ್ಕೆ ದೊಡ್ಡವಳು. “ಬೇಗ ಮಾಡ್ಲಿಕ್ಕೆ ಹೇಳು ಅವರಿಗೆ.”

ಏಪ್ರಿಲ್ 22ಕ್ಕೆ ಹೊಸತೊಂದು ನಡೆಯಿತು. ಒಬ್ಲಿವಿಯನ್‌ನ ನವೀಕೃತ ರೂಪವನ್ನು ಪ್ರಕಟಿಸಿದ ದಿನವೇ ಮಾರಾಟಕ್ಕೂ ಬಿಟ್ಟರು. ಕಾಯುವ ಮಾತೇ ಇಲ್ಲ. ಅದೂ ಪ್ಲೇಸ್ಟೇಷನ್ 5ಕ್ಕೂ ಅದೇ ದಿನ. ಶಾರ್ಜಾದವನ ‘ಬೇಲಿ’ಯ ಸಾಲಿನ ಪಕ್ಕ ನಾನು ಪೆನ್ಸಿಲಿನಲ್ಲಿ ಸಣ್ಣ ಗೀಟು ಹಾಕಿದೆ. ಪೂರ್ತಿ ಹೊಡೆದು ಹಾಕಲಿಲ್ಲ, ಆರನೆಯದರ ಬಗ್ಗೆ ಯಾರೂ ಲಿಖಿತವಾಗಿ ಕೊಟ್ಟಿಲ್ಲವಲ್ಲ.

ವಯರಿಂಗಿನವ ಸಭೆ ಕರೆದ. ಕುರಿ ಮುರಿದು ಈಗಲೇ ಯಂತ್ರ ಕೊಳ್ಳೋಣ ಎಂದ. ಟೀಚರ್ ವಿರೋಧಿಸಿದಳು. ಈಗ ಕೊಂಡ ಯಂತ್ರ ಆಟ ಬರುವಾಗ ಮುದಿಯಾಗಿರುತ್ತದೆ, ಏನು ಬೇಕೆಂದು ಕಂಪನಿ ಹೇಳುವ ಮೊದಲು ಕೊಳ್ಳುವುದು ಮದುಮಗಳನ್ನು ನೋಡದೆ ಬಳೆ ತೆಗೆದ ಹಾಗೆ ಎಂಬುದು ಅವಳ ವಾದ. ಬ್ಯಾಂಕಿನವನಾಗಿ ನನಗೂ ಅದೇ ಸರಿ ಕಂಡಿತ್ತು. ಅದಕ್ಕೆ ವಯರಿಂಗಿನವ ಹೇಳಿದ್ದು ಇಷ್ಟು: “ಏಳು ವರ್ಷದಲ್ಲಿ ನಾವು ಒಟ್ಟಿಗೆ ಕೂತು ಆಡಿದ್ದು ಎಷ್ಟು ದಿನ, ಅದನ್ನು ನಿಮ್ಮ ಪುಸ್ತಕದಲ್ಲಿ ಬರ‍್ದಿದ್ದೀರಾ?” ಬರೆದಿರಲಿಲ್ಲ. ಹಳೆಯ ಯಂತ್ರ 2022ರಲ್ಲೇ ಸಿಡಿಲಿಗೆ ಹೋಗಿತ್ತು. ವರ್ಷಕ್ಕೊಂದು ಸಲ ಸೇರುವುದು, ಚಾ ಕುಡಿಯುವುದು, ಆಸೆ ಹೆದರಿಕೆ ಬರೆಸುವುದು. ಆಟ ಮಾತ್ರ ಇರಲಿಲ್ಲ.

ಮೂರು ಮತಕ್ಕೆ ಒಂದು ಮತ. ಮೇ ತಿಂಗಳಲ್ಲಿ 74 ಸಾವಿರಕ್ಕೆ ಬಿಡಿಭಾಗ ತಂದು ವಯರಿಂಗಿನವನೇ ಜೋಡಿಸಿದ. ಮೆಮೊರಿ 32 ಜಿಬಿ ಇರಲಿ ಎಂದು ಹಟ ಹಿಡಿದ, ಟೀಚರ್ ದುಂದು ಎಂದಳು. ಆ ವರ್ಷದ ಕೊನೆಗೆ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ದೆಸೆಯಿಂದ ಮೆಮೊರಿಯ ಬೆಲೆ ಲೋಕವಿಡೀ ಏರಿದಾಗ ಅವನು ಏನೂ ಹೇಳಲಿಲ್ಲ, ಬೆಲೆಪಟ್ಟಿಯ ಫೋಟೋ ತೆಗೆದು ಅವಳಿಗೆ ಕಳಿಸಿದ ಅಷ್ಟೇ.

ಒಬ್ಲಿವಿಯನ್ ಚಂದ ಇದೆ, ಬಯಲಿಗೆ ಬಂದರೆ ಅಲ್ಲಲ್ಲಿ ಎಡವುತ್ತದೆ. ಮಂತ್ರ ಕಟ್ಟುವ ಸೌಕರ್ಯ ಅದರಲ್ಲಿ ಉಂಟು. ಟೀಚರ್ ಮೊದಲ ರಾತ್ರಿ ಎರಡು ಗಂಟೆ ಅದರಲ್ಲೇ ಕಳೆದು, ಕೊನೆಗೆ ಬಿಲ್ಲು ಹಿಡಿದಳು.

ಈಗಿನ ಸ್ಥಿತಿ

ಕುರಿ ನಿಂತಿಲ್ಲ. ಉಳಿದ ಹದಿನೇಳು ಸಾವಿರ ಚಿಲ್ಲರೆಯಿಂದ ಹೊಸ ಪುಟ ಶುರುವಾಗಿದೆ. ನಿಯಮಕ್ಕೆ ಒಂದು ತಿದ್ದುಪಡಿ: ಬಿಡುವವರಿಗೆ ಬಡ್ಡಿ ಇಲ್ಲದೆ ಅಸಲು ಕೊಡತಕ್ಕದ್ದು. ಇನ್ನೊಂದು, ಒಟ್ಟಿಗೆ ಆಡಿದ ದಿನಗಳನ್ನೂ ಬರೆಯತಕ್ಕದ್ದು. ಅದಕ್ಕೆ ಎಡಪುಟವೋ ಬಲಪುಟವೋ ಎಂದು ವಾದವಾಗಿ, ನಡುವಿನ ಹೊಲಿಗೆಯ ಹತ್ತಿರ ಸಣ್ಣ ಕಲಮು ಎಳೆದಿದ್ದೇನೆ. 2025ರ ಡಿಸೆಂಬರ್ ಕೊನೆಯವರೆಗೆ 23 ದಿನ.

2025ರ ಜೂನ್ 11ರ ಬಲಪುಟ ಮೊದಲಿನಷ್ಟು ತುಂಬಿಲ್ಲ. ತೋಟದವನ ಆಸೆ: ಗುಹೆಗಳು ಕೈಯಿಂದಲೇ ತೋಡಿದ್ದಾಗಿರಲಿ, ನೂರೇ ಇರಲಿ. ವಯರಿಂಗಿನವನದ್ದು: ಆಟವನ್ನು ತಿದ್ದುವ ಸಲಕರಣೆಯನ್ನು ಮೊದಲಿನಂತೆ ಪುಕ್ಕಟೆ ಕೊಡಲಿ, ಕನ್ನಡ ತಾನೇ ಹಾಕಿಕೊಳ್ಳುತ್ತಾನೆ. ಅವನ ಹೆದರಿಕೆಯೂ ಅದರದ್ದೇ, ಅಭಿಮಾನಿಗಳು ಮಾಡಿದ್ದಕ್ಕೆಲ್ಲ ಬೆಲೆ ಕಟ್ಟುವುದು. 2015ರಲ್ಲಿ ಒಮ್ಮೆ ಹಾಗೆ ಮಾಡಹೋಗಿ, ಜನ ತಿರುಗಿಬಿದ್ದು ಕೆಲವೇ ದಿನದಲ್ಲಿ ಹಿಂದೆಗೆದುಕೊಂಡಿದ್ದರು. ಶಾರ್ಜಾದವ ಈ ಸಲ ಹೆದರಿಕೆ ಬರೆಸಲಿಲ್ಲ, ಮಗಳು ಹುಟ್ಟಿದ ಗಡಿಬಿಡಿ. ಟೀಚರ್‌ಗೆ ಈಗ ಕೆಲಸ ಆಗಿದೆ, ಲಿಸ್ಟಿನ ಅವಧಿ ಮುಗಿಯಲು ಎರಡು ತಿಂಗಳಿರುವಾಗ ಆರ್ಡರ್ ಬಂತು. ಅವಳ ಹೆದರಿಕೆ: “ಬರುವಾಗ ನಮಗೆ ರಜೆ ಸಿಗ್ಲಿಕ್ಕಿಲ್ಲ.”

ನವೆಂಬರ್‌ನಲ್ಲಿ ಟಾಡ್ ಹೋವರ್ಡ್, ಆಟ ಇನ್ನೂ ದೂರ ಇದೆ ಎಂಬ ಅರ್ಥದಲ್ಲೇ ಮಾತಾಡಿದರು. ಪುಸ್ತಕದಲ್ಲಿ ಅದಕ್ಕೆ ಯಾರೂ ಸಾಲು ಕೇಳಲಿಲ್ಲ. ಜನವರಿಯ ಕಂತು ಮೂವರದ್ದು ಬಂದಿದೆ. ವಯರಿಂಗಿನವನದ್ದು ಬಾಕಿ, ಯುಪಿಎಸ್ ಬ್ಯಾಟರಿಗೆ ಕೈಯಿಂದ ಹಾಕಿದ್ದೇನೆ, ಅದನ್ನು ವಜಾ ಮಾಡಿಕೊಳ್ಳಿ ಎನ್ನುತ್ತಾನೆ. ಬಿಲ್ಲು ತರಲಿ, ನೋಡುತ್ತೇನೆ.